ಅಕ್ಟೋಬರ್ ಒಂಬತ್ತರಂದು ಹುಟ್ಟಿದವರು

ಹಾಳೆಯ ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದವು. ಅಮೀರ್ ಅಲಿಗೆ ಮೊದಲು ಅನುಮಾನ ಬಂದದ್ದು ಆ ತೂತುಗಳ ಮೇಲೆಯೇ. ವಾಡಿಯಿಂದ ಚಿಂಚೋಳಿಯ ತನಕ ಸೈಕಲ್ಲು, ಬಸ್ಸು, ಪ್ಯಾಸೆಂಜರ್ ರೈಲು ಎನ್ನದೆ ತಿರುಗಿ ಇಪ್ಪತ್ತಮೂರು ವರ್ಷ ವಿಮಾ ಏಜೆಂಟನಾಗಿದ್ದ ಅವನು ಕಚೇರಿಯ ಕಾಗದವನ್ನು ಲಕೋಟೆ ಒಡೆಯುವ ಮೊದಲೇ ಗುರುತಿಸುತ್ತಿದ್ದ. ಅದರಲ್ಲಿ ಗುಮಾಸ್ತನ ಗೀಚು ಸಹಿ ಇರಬೇಕು, ಓರೆಯಾಗಿ ಬಿದ್ದ ಮೊಹರಿರಬೇಕು, ಆ ದಿನ ಕಚೇರಿಯಲ್ಲಿ ಪುರುಸೊತ್ತಿದ್ದರೆ ಚಹಾದ ಕಲೆಯೂ ಇರಬೇಕು. ಈ ಕಾಗದದಲ್ಲಿ ಅಂಥದ್ದೇನೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಮಾಡಿದವು. ಇದಕ್ಕೆ ಸಹಿ ಬೇಕಾಗಿಲ್ಲವೆಂದು ಕೊನೆಯಲ್ಲಿ ಅದೇ ಬರೆದುಕೊಂಡಿತ್ತು. ಸಹಿ ಮಾಡಲು ಹೆದರುವವನ ಕಾಗದವನ್ನು ನಂಬುವುದು ಹೇಗೆ ಎಂದು ಅವನು ಹೆಂಡತಿ ಖುರ್ಷಿದಬೇಗಂಳನ್ನು ಕೇಳಿದ. ಮೊದಲು ಒಳಗೇನಿದೆ ಓದಿರಿ ಎಂದಳು ಅವಳು.

ಒಳಗಿದ್ದದ್ದು ಇಷ್ಟು. ವಿಭಾಗದ ಕಚೇರಿಗೆ ಕಂಪ್ಯೂಟರ್ ಬಂದಿದೆ. ಹಳೆಯ ಪಾಲಿಸಿಗಳ ವಿವರವನ್ನೆಲ್ಲ ಅದಕ್ಕೆ ತುಂಬಲಾಗಿದೆ. ಅಮೀರ್ ಅಲಿ ಮಾಡಿಸಿದ ಇನ್ನೂರ ಹದಿನಾಲ್ಕು ಪಾಲಿಸಿಗಳಲ್ಲಿ ನೂರ ಅರವತ್ತೆಂಟು ಜನ ಅಕ್ಟೋಬರ್ ಒಂಬತ್ತರಂದೇ ಹುಟ್ಟಿದ್ದಾರೆ. ವರ್ಷ ಬೇರೆ ಬೇರೆ, ದಿನ ಮಾತ್ರ ಒಂದೇ. ಇಂಥ ಜನ ನಿಜವಾಗಿ ಇದ್ದಾರೋ ಇಲ್ಲವೋ ಎಂದು ತಿಂಗಳೊಳಗೆ ಸಾಹೇಬರೊಬ್ಬರು ಬಂದು ವಿಚಾರಿಸುವರು. ಅಲ್ಲಿಯವರೆಗೆ ಇವರ ಪೈಕಿ ಯಾರು ಸತ್ತರೂ ಹಣ ಕೊಡುವಂತಿಲ್ಲ. ಮೋಸ ಕಂಡುಬಂದರೆ ಏಜೆನ್ಸಿ ರದ್ದು. ಹೀಗೆ ತಡೆಹಿಡಿದ ಹೆಸರು ಸದ್ಯಕ್ಕೆ ಒಂದೇ ಇತ್ತು: ಅಂಬರಾಯ, ಖಣಿ ಕೆಲಸ, ಶಹಾಬಾದ.

ಆ ಹೆಸರನ್ನು ಅಮೀರ್ ಅಲಿ ಎರಡು ಸಲ ಓದಿದ. ಕಲ್ಲಿನ ಖಣಿಯ ಧೂಳು ಎದೆಗಿಳಿದು ಅಂಬರಾಯ ಸತ್ತು ಎರಡು ತಿಂಗಳಾಗಿತ್ತು. ಮಣ್ಣು ಮಾಡಿ ಬಂದ ದಿನ ಅಮೀರ್ ಅಲಿಯೇ ನಾಲ್ಕು ಜನರೆದುರು ಅವನ ಹೆಂಡತಿ ಭೀಮಮ್ಮನಿಗೆ, ನಾನು ಬದುಕಿರುವ ತನಕ ನಿನ್ನ ಹಣ ಎಲ್ಲಿಗೂ ಹೋಗುವುದಿಲ್ಲ ತಂಗೀ ಎಂದು ಮಾತು ಕೊಟ್ಟಿದ್ದ. ಭೀಮಮ್ಮ ಆಗಲೇ ಗಂಡನ ಜಾಗದಲ್ಲಿ ಖಣಿಗೆ ಹೋಗತೊಡಗಿದ್ದಳು. ಹಣ ಬಂದ ದಿನ ಆ ಧೂಳು ಬಿಟ್ಟು ಬರುತ್ತೇನೆ ಎಂದಿದ್ದಳು. ಅವಳಿಗೂ ಆಗಲೇ ಸಣ್ಣಗೆ ಕೆಮ್ಮು ಹತ್ತಿತ್ತು.

ಇನ್ನು ಆ ತಾರೀಖಿನ ವಿಷಯ. ಅಮೀರ್ ಅಲಿ ಮೋಸಗಾರನಲ್ಲ, ಆದರೆ ಹಟಮಾರಿ. ಅವನ ಸೀಮೆಯಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಯಾರು? ಖಣಿಯವರು, ಒಕ್ಕಲುತನದವರು, ಸಿಮೆಂಟು ಕಾರ್ಖಾನೆಯ ಕೂಲಿಗಳು, ಇವರಿಗೆಲ್ಲ ವಯಸ್ಸು ಎಷ್ಟೆಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಬೇರೆ ಏಜೆಂಟರು ಮುಖ ನೋಡಿ ಮೂವತ್ತೋ ನಲವತ್ತೋ ಬರೆದುಬಿಡುತ್ತಿದ್ದರು. ಅಮೀರ್ ಅಲಿ ಹಾಗೆ ಮಾಡಲಿಲ್ಲ. ಅವನು ಚಹಾ ಕುಡಿಯುತ್ತ ಕುಳಿತು, ಮನೆಯ ಮುದುಕಿಯರನ್ನು ಕರೆಸಿ, ಕಾಗಿಣಾ ಹೊಳೆ ಊರೊಳಗೆ ಬಂದ ವರ್ಷ ಈ ಹುಡುಗ ನಡೆಯುತ್ತಿದ್ದನೋ ಅಂಬೆಗಾಲಿಡುತ್ತಿದ್ದನೋ, ನಲವತ್ತೆಂಟರ ಪೊಲೀಸ್ ಆಕ್ಷನ್ ಆದಾಗ ಇವನಿಗೆ ಹಲ್ಲು ಬಿದ್ದಿದ್ದವೋ ಬಂದಿದ್ದವೋ, ನಿಜಾಮರ ಹಾಲಿ ಸಿಕ್ಕಾ ನಾಣ್ಯದ ಚಲಾವಣೆ ನಿಂತಾಗ ಇವಳ ಮದುವೆಯಾಗಿತ್ತೋ ಇಲ್ಲವೋ ಎಂದು ಬಿಡದೆ ಕೆದಕುತ್ತಿದ್ದ. ಅರ್ಧ ದಿನ ಹೋದರೂ ಸರಿ, ವರ್ಷ ಮಾತ್ರ ಹಿಡಿದೇ ಏಳುತ್ತಿದ್ದ. ಹಾಗೆ ಹಿಡಿದ ವರ್ಷ ತಪ್ಪಾದದ್ದನ್ನು ಯಾರೂ ಕಂಡಿರಲಿಲ್ಲ.

ಆದರೆ ಅರ್ಜಿಯಲ್ಲಿ ವರ್ಷದ ಹಿಂದೆ ದಿನಕ್ಕೂ ತಿಂಗಳಿಗೂ ಜಾಗವಿರುತ್ತಿತ್ತು. ಅರವತ್ತೆರಡರಲ್ಲಿ ಅವನಿಗೆ ಏಜೆನ್ಸಿ ಸಿಕ್ಕ ದಿನ ಅಕ್ಟೋಬರ್ ಒಂಬತ್ತು. ಅದೇ ಸಂಜೆ ಶಹಾಬಾದಕ್ಕೆ ಹೋಗಿ ಮೊದಲ ಅರ್ಜಿ ಬರೆದದ್ದು ಅಂಬರಾಯನದು. ದಿನ ಗೊತ್ತಿಲ್ಲ ಎಂದ ಅಂಬರಾಯ. ಅಮೀರ್ ಅಲಿ ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತು, ಅಂದಿನ ತಾರೀಖನ್ನೇ ಹಾಕಿದ. ಅರ್ಜಿ ಒಂದು ತಕರಾರಿಲ್ಲದೆ ಪಾಸಾಯಿತು. ಎರಡನೆಯದಕ್ಕೂ ಅದೇ ಹಾಕಿದ, ಅದೂ ಪಾಸಾಯಿತು. ಮೂರನೆಯದಕ್ಕೆ ಚೇಂಜ್ ಇರಲಿ ಎಂದು ಬೇರೆ ತಾರೀಖು ಹಾಕಿದ. ಅದು ಏನೋ ಕೊಕ್ಕೆ ಬಿದ್ದು ವಾಪಸು ಬಂತು. ಅಲ್ಲಿಗೆ ಆ ತಾರೀಖಿನ ಕೈಗುಣ ಒಳ್ಳೆಯದೆಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಕಚೇರಿಯಲ್ಲಿ ಒಂದೊಂದು ಅರ್ಜಿಯನ್ನು ಒಂದೊಂದು ದಿನ ಒಬ್ಬೊಬ್ಬ ಗುಮಾಸ್ತ ನೋಡಿ ಕಪಾಟಿಗೆ ತಳ್ಳುತ್ತಿದ್ದ. ನೂರಾರು ಕಪಾಟುಗಳ ಕಾಗದವನ್ನು ಒಟ್ಟಿಗೆ ಹರಡಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆದ್ದರಿಂದಲೇ ಈಗ ಅಮೀರ್ ಅಲಿಗೆ ಯಂತ್ರ ಕಂಡುಹಿಡಿಯಿತೆಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಯಂತ್ರಕ್ಕೇನು ಕಣ್ಣಿದೆಯೇ? ಯಾರೋ ಹೇಳಿರಬೇಕು. ಹೇಳಬೇಕಾದರೆ ಗೊತ್ತಿರಬೇಕು. ತಾನು ತಾರೀಖು ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಿದವನು ಲೋಕದಲ್ಲಿ ಒಬ್ಬನೇ: ಚಿತ್ತಾಪುರದ ಶರಣಬಸಪ್ಪ.

ಶರಣಬಸಪ್ಪ ಮೂವತ್ತರ ಹರೆಯದವನು. ಎಂಟು ವರ್ಷದ ಹಿಂದೆ ಕೆಲಸವಿಲ್ಲದೆ ತಿರುಗುತ್ತಿದ್ದಾಗ ಅಮೀರ್ ಅಲಿಯೇ ಕರೆದು ಜೊತೆಗೆ ತಿರುಗಿಸಿಕೊಂಡು ವಿಮೆಯ ಕೆಲಸ ಕಲಿಸಿ, ತನ್ನ ಜಾಮೀನಿನ ಮೇಲೆ ಏಜೆನ್ಸಿ ಕೊಡಿಸಿದ್ದ. ಹುಡುಗ ಚಾಚಾ ಚಾಚಾ ಎಂದು ಹಿಂದೆಮುಂದೆ ಸುತ್ತುತ್ತಿದ್ದ. ಆದರೆ ಒಂದು ವರ್ಷದಿಂದ ಅವನ ಬಾಯಲ್ಲಿ ಯಂತ್ರದ್ದೇ ಮಾತು. ಇನ್ನು ಹತ್ತು ವರ್ಷದಲ್ಲಿ ಕಂತಿನ ಕಾಗದ ನೇರ ಮನೆಗೇ ಬರುತ್ತದಂತೆ, ಯಾರ ಕಂತು ಬಾಕಿ ಎಂದು ಯಂತ್ರವೇ ಹೇಳುತ್ತದಂತೆ, ಏಜೆಂಟ ಮನೆಮನೆ ತಿರುಗುವುದೇ ಬೇಕಾಗುವುದಿಲ್ಲವಂತೆ. ಹಾಗಾದರೆ ಏಜೆಂಟ ಏನು ಮಾಡಬೇಕು ಎಂದು ಅಮೀರ್ ಅಲಿ ಕೇಳಿದ್ದಕ್ಕೆ ಅವನು ನಕ್ಕಿದ್ದ. ಆ ನಗು ಈಗ ನೆನಪಾಗಿ ಅಮೀರ್ ಅಲಿಯ ಮೈ ಉರಿಯಿತು. ಅದೂ ಅಲ್ಲದೆ ಈಚೆಗೆ ಶರಣಬಸಪ್ಪ ಎರಡು ಸಲ ಯಾರಿಗೂ ಹೇಳದೆ ವಿಭಾಗದ ಕಚೇರಿಗೆ ಹೋಗಿಬಂದದ್ದನ್ನು ವಾಡಿ ಸ್ಟೇಷನ್ನಿನಲ್ಲಿ ಚಹಾದ ಅಂಗಡಿಯವನು ನೋಡಿದ್ದ. ಅಮೀರ್ ಅಲಿ ಎದುರಿಗೆ ಸಿಕ್ಕರೆ ಹುಡುಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು?

ಒಮ್ಮೆ ಅವನನ್ನೇ ಕೇಳಿಬಿಡಿ ಎಂದಳು ಖುರ್ಷಿದಬೇಗಂ. ಕೇಳುವುದಂತೆ! ಕಾಗದ ಬಂದ ಮೂರನೆಯ ದಿನ ಶರಣಬಸಪ್ಪ ತಾನಾಗಿಯೇ ಬಾಗಿಲಿಗೆ ಬಂದ. ಅಮೀರ್ ಅಲಿ ಒಳಮನೆಯಲ್ಲಿ ಕುಳಿತು, ಸೇಡಮ್ಮಿಗೆ ಹೋಗಿದ್ದಾರೆಂದು ಹೇಳು ಎಂದು ಹೆಂಡತಿಗೆ ಕೈಸನ್ನೆ ಮಾಡಿದ. ಬಂದವನು ಹೊರಗೆ ಕಳಚಿಟ್ಟಿದ್ದ ಅಮೀರ್ ಅಲಿಯ ಚಪ್ಪಲಿಗಳನ್ನು ನೋಡಿ ತಿರುಗಿ ಹೋದ. ನಾಡಿ ಹಿಡಿದು ನೋಡಲು ಬಂದಿದ್ದ ಎಂದುಕೊಂಡ ಅಮೀರ್ ಅಲಿ.

ಮರುದಿನದಿಂದ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಸಾಹೇಬರು ಬರುವುದರೊಳಗೆ ನೂರ ಅರವತ್ತೆಂಟು ಮನೆಗಳಿಗೂ ಹೊಸ ತಾರೀಖು ಹಂಚಿಬಿಡಬೇಕು, ಕೇಳಿದಾಗ ಒಬ್ಬೊಬ್ಬರು ಒಂದೊಂದು ದಿನ ಹೇಳಬೇಕು, ಆಗ ಯಂತ್ರವೇ ತಪ್ಪು ತುಂಬಿಕೊಂಡಿದೆ ಎಂದಾಗುತ್ತದೆ. ಇದು ಅವನ ಉಪಾಯ. ಉಪಾಯ ಹೊಳೆದಾಗ ಅವನಿಗೆ ತನ್ನ ಮೇಲೆ ಬಹಳ ಮೆಚ್ಚುಗೆಯಾಯಿತು.

ಮೊದಲ ಮನೆ ವಾಡಿಯ ಸಿಮೆಂಟು ಕಾರ್ಖಾನೆಯ ಕ್ವಾರ್ಟರ್ಸಿನ ಮಜೀದಸಾಬನದು. ಭಟ್ಟಿಯ ಕೆಲಸದವನು, ಹಳೆಯ ಗೆಳೆಯ. ಅವನಿಗೆ ಬಕ್ರೀದಿನ ಮರುದಿನ ಹುಟ್ಟಿದೆನೆಂದು ಹೇಳು ಎಂದ. ಆ ವರ್ಷದ ಬಕ್ರೀದು ಯಾವ ತಿಂಗಳಲ್ಲಿ ಬಿದ್ದಿತ್ತೆಂದು ಮಜೀದಸಾಬ ಕೇಳಿದ. ಅದನ್ನು ಹುಡುಕಲು ಹಳೆಯ ಪಂಚಾಂಗ ತರಿಸಬೇಕಾಯಿತು. ಸೇಡಮ್ಮಿನ ಯಂಕಮ್ಮನಿಗೆ ಯುಗಾದಿ ಕೊಟ್ಟ. ಅವಳು ಒಂದು ವಾರ ಬಿಟ್ಟು ಕೇಳಿದರೆ ದೀಪಾವಳಿ ಎಂದಳು. ಚಿಮ್ಮನಚೋಡದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಇಬ್ಬರೂ ಸಂಕ್ರಾಂತಿಯೇ ಬೇಕೆಂದು ಹಟ ಹಿಡಿದರು. ಅವನು ಸಮಾಧಾನ ಮಾಡಿ, ಗದರಿಸಿ, ಪಾಠ ಒಪ್ಪಿಸಿಕೊಂಡು ಬಂದ.

ಪಾಠದ ಜೊತೆಗೆ ಎಲ್ಲ ಮನೆಯಲ್ಲೂ ಇನ್ನೊಂದು ಮಾತು ಹೇಳಿಬಂದ. ಇದೆಲ್ಲ ಶರಣಬಸಪ್ಪನ ಕಿತಾಪತಿ, ಕಚೇರಿಗೆ ಹೋಗಿ ಚಾಡಿ ಹೇಳಿದ್ದಾನೆ, ನಿಮ್ಮ ಪಾಲಿಸಿ ಮುಳುಗಿಸಿ ತನ್ನ ಕೈಯಿಂದ ಹೊಸದು ಮಾಡಿಸಬೇಕೆಂದು ಕೂತಿದ್ದಾನೆ ಎಂದ. ಮೊದಮೊದಲು ಇರಬಹುದು ಎಂದು ಹೇಳುತ್ತಿದ್ದವನು ಹತ್ತು ಮನೆ ದಾಟುವ ಹೊತ್ತಿಗೆ ಕಣ್ಣಾರೆ ಕಂಡವನಂತೆ ಹೇಳತೊಡಗಿದ್ದ. ಮಜೀದಸಾಬನಂತೂ ಕೆಂಡವಾಗಿ, ಆ ಮಗ ಕ್ವಾರ್ಟರ್ಸಿಗೆ ಕಾಲಿಡಲಿ ನೋಡುತ್ತೇನೆ ಎಂದ. ಅಮೀರ್ ಅಲಿಗೆ ಅದನ್ನು ಕೇಳಿ ಹಿತವಾಯಿತು. ಹಿತವಾಯಿತೆಂದು ಹೇಳಲು ನಾಚಿಕೆಯೇನಿಲ್ಲ, ಆಗ ಅವನಿಗೂ ನಾಚಿಕೆಯಾಗಿರಲಿಲ್ಲ.

ಆದರೆ ಅನುಮಾನವನ್ನು ಒಬ್ಬನ ಮೇಲೆ ಮಾತ್ರ ಹಚ್ಚಿ ಬರಲು ಆಗುವುದಿಲ್ಲ. ಅವನು ಬೆನ್ನು ತಿರುಗಿಸಿದ ಮೇಲೆ ಜನ ತಮ್ಮಲ್ಲೇ ಮಾತಾಡಿಕೊಂಡರು. ಇಪ್ಪತ್ತು ವರ್ಷ ಒಂದು ತಾರೀಖು, ಈಗ ಇನ್ನೊಂದು. ಅಮೀರ್ ಅಲಿ ಕೊಟ್ಟ ಪಾಲಿಸಿಯಾದರೂ ಖರೆಯೋ ಇಲ್ಲವೋ? ಕೆಲವರು ಪೆಟ್ಟಿಗೆಯ ತಳದಿಂದ ಪಾಲಿಸಿಯ ಬಾಂಡು ತೆಗೆದು ಶಾಲೆಯ ಮಾಸ್ತರರ ಹತ್ತಿರ ಓದಿಸಿದರು. ಸೇಡಮ್ಮಿನಲ್ಲಿ ಒಬ್ಬ ಅವನು ಬರುವುದನ್ನು ಕಂಡು ಬಾಂಡನ್ನು ಮಡಿಲಲ್ಲಿ ಮುಚ್ಚಿಕೊಂಡ. ಇಪ್ಪತ್ತಮೂರು ವರ್ಷದಲ್ಲಿ ಯಾರೂ ಅವನಿಂದ ಕಾಗದ ಮುಚ್ಚಿಟ್ಟಿರಲಿಲ್ಲ. ಅದೂ ಶರಣಬಸಪ್ಪನ ಕೈವಾಡವೇ ಎಂದುಕೊಂಡು ಅವನು ಬಸ್ಸು ಹತ್ತಿದ.

ಭೀಮಮ್ಮನ ಮನೆಗೆ ಎರಡು ಸಲ ಹೋದ. ಅವಳಿಗೆ ನಾಗರಪಂಚಮಿ ಎಂದು ಕಲಿಸಿದ. ಅವಳು ಕೆಮ್ಮುತ್ತ, ನಮ್ಮವರು ಹುಟ್ಟಿದ್ದು ನಾಗರಪಂಚಮಿಗೆ, ನಾಗರಪಂಚಮಿಗೆ ಎಂದು ಬಾಯಿಪಾಠ ಮಾಡಿದಳು. ಹಣ ಸಿಗುತ್ತದಲ್ಲಣ್ಣಾ ಎಂದು ಒಮ್ಮೆ ಮಾತ್ರ ಕೇಳಿದಳು.

ಸಾಹೇಬರು ಬಂದದ್ದು ಮೊದಲು ಶಹಾಬಾದಕ್ಕೇ, ಭೀಮಮ್ಮನ ಮನೆಗೇ. ಸುದ್ದಿ ತಿಳಿದು ಅಮೀರ್ ಅಲಿ ಬೆಳಗಿನ ಗಾಡಿಗೆ ಹೋಗಿ ಅವಳ ಅಂಗಳದಲ್ಲಿ ಕಾದು ನಿಂತಿದ್ದ. ಜೀಪು ಬಂತು. ಸಾಹೇಬರ ಹಿಂದೆಯೇ ಕಡತ ಹಿಡಿದುಕೊಂಡು ಇಳಿದವನು ಶರಣಬಸಪ್ಪ. ಈಗ ಮುಚ್ಚುಮರೆಯೂ ಹೋಯಿತಲ್ಲ ಎಂದು ಅಮೀರ್ ಅಲಿ ಹಲ್ಲು ಕಡಿದ. ಶರಣಬಸಪ್ಪ ನಮಸ್ಕಾರ ಮಾಡಿದರೆ ಇವನು ಗೋಡೆ ನೋಡಿದ.

ಸಾಹೇಬರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಮೆತ್ತಗೆ ಮಾತಾಡುವ ಅಧಿಕಾರಿಗಳನ್ನು ಕಂಡರೆ ಅಮೀರ್ ಅಲಿಗೆ ಮೊದಲಿಂದಲೂ ಹೆದರಿಕೆ. ಫರಸಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು, ಅಂಬರಾಯನ ಸಾವಿನ ದಾಖಲೆ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಇಂಥ ಮನುಷ್ಯ ಇದ್ದದ್ದು ನಿಜವೆಂದು ಬರೆದುಕೊಂಡರು. ಆಮೇಲೆ ಭೀಮಮ್ಮನ ಕಡೆ ತಿರುಗಿ ಗಂಡ ಹುಟ್ಟಿದ ದಿನ ಯಾವುದೆಂದು ಕೇಳಿದರು.

"ನಾಗರಪಂಚಮಿಗಿರಿ," ಎಂದಳು ಭೀಮಮ್ಮ, ಒಂದೇ ಉಸಿರಿಗೆ.

ಸಾಹೇಬರು ಪೆನ್ನು ನಿಲ್ಲಿಸಿದರು. "ಪಾಲಿಸಿಯಲ್ಲಿ ಅಕ್ಟೋಬರ್ ಒಂಬತ್ತು ಅಂತ ಇದೆಯಲ್ಲಮ್ಮ. ಕೆಳಗೆ ನಿಮ್ಮ ಯಜಮಾನರದೇ ಹೆಬ್ಬೆಟ್ಟು. ಅಂದರೆ ಅವರು ಕಂಪನಿಗೆ ಸುಳ್ಳು ಹೇಳಿದ್ದರಾ?"

ಭೀಮಮ್ಮ ಅಮೀರ್ ಅಲಿಯ ಮುಖ ನೋಡಿದಳು. ಅವನು ಕಲಿಸಿದ ಪಾಠ ಅಷ್ಟಕ್ಕೇ ಮುಗಿದಿತ್ತು. ಮುಂದಿನ ಪ್ರಶ್ನೆಗೆ ಉತ್ತರ ಅವನೂ ಯೋಚಿಸಿರಲಿಲ್ಲ. "ನಮ್ಮವರು ಸುಳ್ಳ ಹೇಳಾವರಲ್ರಿ," ಎಂದಳು.

ಯಾರೋ ಒಬ್ಬರು ಹೇಳಿರಲೇಬೇಕಲ್ಲ ಎಂದರು ಸಾಹೇಬರು, ಮೆತ್ತಗೆಯೇ. ವಿಮೆ ಮಾಡಿಸಿದವನೇ ಸುಳ್ಳು ವಿವರ ಕೊಟ್ಟಿದ್ದರೆ ಹಣ ಕೊಡಲು ಬರುವುದಿಲ್ಲವೆಂದು ಹೇಳಿ ಬರೆಯಲು ತಲೆ ತಗ್ಗಿಸಿದರು.

ಅಮೀರ್ ಅಲಿಗೆ ಆಗ ಎಲ್ಲವೂ ಒಮ್ಮೆಲೇ ಕಂಡಿತು. ತಾನು ಸುಮ್ಮನೆ ನಿಂತರೆ ಸುಳ್ಳು ಅಂಬರಾಯನದಾಗುತ್ತದೆ, ಏಜೆನ್ಸಿ ಉಳಿದರೂ ಉಳಿದೀತು. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಬಾಯಿ ಬಿಟ್ಟರೆ ಇಪ್ಪತ್ತಮೂರು ವರ್ಷದ ಅನ್ನ ಹೋಗುತ್ತದೆ. ಐವತ್ತಾರರ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಅವನು ಸುಮ್ಮನೆ ನಿಂತ. ಒಳ್ಳೆಯವನೆಂದು ಹೇಳಿ ಅವನನ್ನು ಉಳಿಸುವುದು ಬೇಡ, ಅವನು ನಿಜವಾಗಿ ಸುಮ್ಮನೆ ನಿಂತ, ಸಾಹೇಬರು ಎರಡು ಸಾಲು ಬರೆಯುವ ತನಕ. ಅಷ್ಟರಲ್ಲಿ ಭೀಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮತೊಡಗಿದಳು. ಆ ಕೆಮ್ಮು ನಿಲ್ಲಲೇ ಇಲ್ಲ. ಕೊನೆಯ ವರ್ಷ ಅಂಬರಾಯ ಹೀಗೆಯೇ ಕೆಮ್ಮುತ್ತಿದ್ದ.

"ಬರೀಬ್ಯಾಡ್ರಿ ಸಾಹೇಬ್ರ," ಎಂದ ಅಮೀರ್ ಅಲಿ. "ಅಕ್ಟೋಬರ್ ಒಂಬತ್ತು ನಾ ಬರದದ್ದು. ನಾಗರಪಂಚಮಿ ನಾ ಕಲಿಸಿದ್ದು. ಅಂಬರಾಯ ದಿನಾ ಗೊತ್ತಿಲ್ಲ ಅಂತ ಖರೇನೇ ಹೇಳಿದ್ದ."

ಸಾಹೇಬರು ಕನ್ನಡಕ ತೆಗೆದರು. ಹಾಗಾದರೆ ವರ್ಷವೂ ನಿಮ್ಮದೇ ಕಲ್ಪನೆಯೋ ಎಂದು ಕೇಳಿದರು. ಅಮೀರ್ ಅಲಿಗೆ ಸಿಟ್ಟೇ ಬಂತು. ವರ್ಷದ ಮೇಲೆ ಅನುಮಾನ ಪಡುವುದೆಂದರೇನು? ಅವಳನ್ನೇ ಕೇಳಿ ಎಂದ. ಇದನ್ನು ನಾನು ಕಲಿಸಿಲ್ಲ ಎಂದ.

ಭೀಮಮ್ಮ ಉಸಿರು ಹಿಡಿದುಕೊಂಡು ಹೇಳಿದಳು. "ದಿನಾ ನಮಗ ಗೊತ್ತಿಲ್ರಿ. ಪೊಲೀಸ್ ಆಕ್ಷನ್ ಆದ ವರ್ಷ ಅವರಿಗಿ ಆಗತಾನ ಮೀಸಿ ಬರಾಕತ್ತಿತ್ತಂತ. ಗಂಡಸಂಗ ಕಾಣ್ತಾನ, ಎಳಕೊಂಡು ಹೋಗ್ತಾರ ಅಂತ ನಮ್ಮತ್ತಿ ಜ್ವಾಳದ ಹಗೇವಿನಾಗ ಇಳಿಸಿ ಮುಚ್ಚಿಟ್ಟಿದ್ದಳು. ಅವರ ತಮ್ಮಗ ಮೀಸಿ ಇರಲಿಲ್ಲಂತ, ಅವನ್ನ ಹೊರಗೇ ಬಿಟ್ಟಿದ್ದರು."

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಎಂದು ಶರಣಬಸಪ್ಪ ಸಾಹೇಬರಿಗೆ ತಿಳಿಸಿ ಹೇಳಿದ. ಸಾಹೇಬರು ಬೆರಳು ಮಡಿಚಿ ಲೆಕ್ಕ ಹಾಕಿದರು. ಪಾಲಿಸಿಯಲ್ಲಿದ್ದ ವರ್ಷಕ್ಕೂ ಮೀಸೆಗೂ ಸರಿಹೋಯಿತು. ಪಕ್ಕದ ಮನೆಯ ಮುದುಕನನ್ನು ಕರೆಸಿ ಕೇಳಿದರು, ಅವನೂ ಅದೇ ಹಗೇವಿನ ಮಾತು ಹೇಳಿದ. ಬರೆದಿದ್ದ ಎರಡು ಸಾಲು ಹೊಡೆದುಹಾಕಿ, ಹಣ ಕೊಡಬಹುದೆಂದು ಬರೆದರು. ಭೀಮಮ್ಮ ಕಟ್ಟೆಯ ಕಲ್ಲಿಗೆ ಹಣೆ ಮುಟ್ಟಿಸಿದಳು.

ಆಮೇಲೆ ಸಾಹೇಬರು ಹಳೆಯ ಅರ್ಜಿಯನ್ನು ತಿರುಗಿಸಿ ಅದರ ಹಿಂಭಾಗ ತೋರಿಸಿದರು. ಅಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಹುಟ್ಟಿದ ದಿನ ತಿಳಿಯದಿದ್ದರೆ ತಿಳಿಯದು ಎಂದು ಬರೆದು ವರ್ಷ ಮಾತ್ರ ಕೊಟ್ಟರೆ ಸಾಕು ಎಂದಿತ್ತು. ಉರ್ದು ಶಾಲೆಯಲ್ಲಿ ಓದಿ, ಇಂಗ್ಲಿಷನ್ನು ಅಕ್ಷರ ಕೂಡಿಸಿಯೇ ಓದುವ ಅಮೀರ್ ಅಲಿ ಇಪ್ಪತ್ತಮೂರು ವರ್ಷ ಅರ್ಜಿಯ ಮುಂಭಾಗವನ್ನಷ್ಟೇ ತುಂಬಿದ್ದ. ಇಷ್ಟು ವರ್ಷ ಆ ಸಾಲು ಅವನ ಕೈಯಡಿಯಲ್ಲೇ ಇತ್ತು.

"ತಾರೀಖು ಬರೆದದ್ದಕ್ಕೆ ಒಂದು ಎಚ್ಚರಿಕೆ ಕೊಟ್ಟು ಬಿಡೋರಿದ್ದೆವು," ಎಂದರು ಸಾಹೇಬರು. "ಈ ಕಡೆ ಹೀಗೇ ಅಂತ ನಮಗೂ ಗೊತ್ತು. ಆದರೆ ನೀವು ಸಾಕ್ಷಿಗೆ ಸುಳ್ಳು ಕಲಿಸಿದಿರಿ. ಅದನ್ನ ಬಿಡೋಕೆ ನನಗೆ ಅಧಿಕಾರ ಇಲ್ಲ."

ಅಮೀರ್ ಅಲಿ ತಲೆಯಾಡಿಸಿದ. ಏಜೆನ್ಸಿ ಹೋಯಿತೆಂದು ತಿಳಿಯಿತು. ಹೋದಮೇಲೆ ಹೆದರಿಕೆಯೇನು, ಒಂದು ಮಾತು ಕೇಳಿಬಿಡುತ್ತೇನೆಂದು, ಚಾಡಿ ಹೇಳಿದವನ ಹೆಸರು ಹೇಳಿ ಸಾಹೇಬ್ರ ಎಂದ. ಹೇಳುವಾಗ ಶರಣಬಸಪ್ಪನ ಕಡೆಗೇ ನೋಡಿದ.

ಸಾಹೇಬರಿಗೆ ಮೊದಲು ಅರ್ಥವೇ ಆಗಲಿಲ್ಲ. ಯಾರೂ ಹೇಳಿಲ್ಲವೆಂದರು. ಯಂತ್ರಕ್ಕೆ ಎಲ್ಲರ ಹುಟ್ಟಿದ ತಾರೀಖು ಕೊಟ್ಟು ಸಾಲಾಗಿ ಜೋಡಿಸು ಎಂದರೆ ಜೋಡಿಸುತ್ತದೆ, ಅಕ್ಟೋಬರ್ ಒಂಬತ್ತರ ಹತ್ತಿರ ಬಂದಾಗ ಹಾಳೆಯೇ ಮುಗಿಯಲಿಲ್ಲ, ಅಷ್ಟೇ ಎಂದರು. "ಹೇಳೋಕೆ ಯಾರೂ ಬೇಕಾಗಿಲ್ಲ. ಇವರದೇ ಬಂತಲ್ಲ, ನೋಡಿ," ಎಂದು ಶರಣಬಸಪ್ಪನ ಕೈಯ ಕಡತ ತೆರೆದರು. ಶರಣಬಸಪ್ಪ ಮಾಡಿಸಿದ ಪಾಲಿಸಿಗಳಲ್ಲೂ ಅರವತ್ತೊಂದು ಜನ ಅಕ್ಟೋಬರ್ ಒಂಬತ್ತರವರು. ಅವನಿಗೆ ಕಾಗದ ಮೊದಲೇ ಹೋಗಿತ್ತು. ಎರಡು ಸಲ ಕರೆಸಿ ವಿಚಾರಿಸಿದ್ದರು. ಯಾರು ಕಲಿಸಿದರೆಂದು ಕೇಳಿದರೆ ಬಾಯಿ ಬಿಡಲಿಲ್ಲ, ಇವತ್ತು ಅವನ ವಿಚಾರಣೆಯೂ ಇದೆ, ಅದಕ್ಕೇ ಜೊತೆಯಲ್ಲಿ ಕರೆತಂದೆ ಎಂದರು ಸಾಹೇಬರು.

"ಅದು ಕಂಪನಿ ಕಾಯ್ದೆ ಅಂತ ತಿಳಕೊಂಡಿದ್ದೆ ಚಾಚಾ," ಎಂದ ಶರಣಬಸಪ್ಪ, ನೆಲ ನೋಡುತ್ತ. "ದಿನಾ ಗೊತ್ತಿಲ್ಲದವರಿಗಿ ಇದೇ ತಾರೀಖ ಹಾಕಬೇಕು ಅಂತ. ನೀವು ಹಾಕೋದು ನೋಡಿ ಹಾಕಿದೆ. ಕಾಗದ ಬಂದ ಮ್ಯಾಗ ನಿಮ್ಮ ಮುಖಾ ಹೆಂಗ ನೋಡಲಿ ಅಂತ ತಿಳೀಲಿಲ್ಲ. ನಾ ಬಾಯಿ ಬಿಟ್ಟರ ನಿಮ್ಮ ಹೆಸರೇ ಬರ್ತಿತ್ತು."

ಅಮೀರ್ ಅಲಿಗೆ ಕಟ್ಟೆಯ ಮೇಲೆ ಕೂಡಬೇಕೆನಿಸಿತು, ಕೂತ. ತಿಂಗಳಿನಿಂದ ಹೊಟ್ಟೆಯಲ್ಲಿ ಹೊತ್ತು ತಿರುಗಿದ ಕಿಚ್ಚಿಗೆ ಒಬ್ಬ ಶತ್ರುವೂ ಇರಲಿಲ್ಲ. ಶತ್ರು ಇದ್ದಿದ್ದರೆ ಎಷ್ಟು ಸುಲಭವಿತ್ತು. ಸಾಹೇಬರು ಹೇಳಿಕೆಯ ಹಾಳೆ ಮುಂದಿಟ್ಟರು. ಅವನು ತನ್ನ ತಪ್ಪನ್ನೆಲ್ಲ ಉರ್ದುವಿನಲ್ಲಿ ಬರೆದು, ಕೊನೆಗೆ, ಶರಣಬಸಪ್ಪನಿಗೆ ಈ ತಾರೀಖು ಕಲಿಸಿದವನೂ ನಾನೇ, ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಸೇರಿಸಿ, ಸಾಹೇಬರಿಗೆ ಓದಿ ಹೇಳಿ ಸಹಿ ಮಾಡಿದ. ಇಷ್ಟು ಸಾಕು, ಅವನ ಏಜೆನ್ಸಿಗೆ ಧಕ್ಕೆಯಿಲ್ಲ ಎಂದರು ಸಾಹೇಬರು. ಜೀಪು ಹೋಯಿತು.

ಇಬ್ಬರೂ ಸ್ಟೇಷನ್ನಿನ ದಾರಿ ಹಿಡಿದರು. ಬರೆದುಕೊಟ್ಟದ್ದರಿಂದ ಎದೆ ಹಗುರಾಗಿದೆಯೆಂದು ಅಮೀರ್ ಅಲಿ ಅಂದುಕೊಂಡಿದ್ದ. ಹುಡುಗ ಈಗಲಾದರೂ ಒಂದು ಒಳ್ಳೆಯ ಮಾತಾಡುತ್ತಾನೆಂದು ಕಾದಿದ್ದ. ಪ್ಲಾಟ್‌ಫಾರ್ಮಿನಲ್ಲಿ ಶರಣಬಸಪ್ಪ ಅವನಿಂದ ದೂರ, ಇನ್ನೊಂದು ಬೆಂಚಿನ ಹತ್ತಿರ ಹೋಗಿ ನಿಂತ. ಗಾಡಿಯ ಸದ್ದು ಕೇಳಿದ ಮೇಲೆ ತಿರುಗಿ ಬಂದ.

"ಸಾಹೇಬ್ರಿಗಿ ಬರದು ಕೊಟ್ರಿ, ಆತು," ಎಂದ. "ವಾಡ್ಯಾಗ, ಸೇಡಮ್ಮಿನಾಗ, ಚಿಂಚೋಳಿತನಕ ಮನಿ ಮನಿಗಿ ಹೋಗಿ ಹೇಳಿ ಬಂದೀರಲ್ಲ ಚಾಚಾ, ಅದನ್ನ ಯಾರು ಬರದು ಕೊಡಾವರು? ನನಗ ಒಬ್ಬರೂ ಕುಂದ್ರು ಅನ್ನಲಾರದಂಗ ಆಗ್ಯಾದ. ಏಜೆನ್ಸಿ ಇಟಗೊಂಡು ಏನು ಮಾಡಲಿ ನಾ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅಮೀರ್ ಅಲಿ ಏನಾದರೂ ಉತ್ತರ ಕೊಡುತ್ತಿದ್ದ. ಗಾಡಿ ಬಂತು. ಶರಣಬಸಪ್ಪ ಬೇರೆ ಡಬ್ಬಿ ಹತ್ತಿದ.

ಆ ರಾತ್ರಿ ಅಮೀರ್ ಅಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಏಜೆನ್ಸಿ ಹೋದದ್ದಕ್ಕೆ ಅವಳು ಅಳಲಿಲ್ಲ. ಆ ಹುಡುಗ ಅಂದು ಬಾಗಿಲಿಗೆ ಬಂದಾಗ ನೀರು ಕೂಡ ಕೇಳದೆ ಕಳಿಸಿದೆ ಎಂದು ಅತ್ತಳು. ಬೆಳಗ್ಗೆ ಅವನು ಅರ್ಜಿಗಳಿಲ್ಲದೆ, ರಸೀದಿ ಪುಸ್ತಕವಿಲ್ಲದೆ, ಬರಿಗೈಯಲ್ಲಿ ಹೊರಟ. ನೂರ ಅರವತ್ತೆಂಟು ಮನೆ. ಅಂಬರಾಯನದೊಂದು ಬಿಟ್ಟರೂ ತಿಂಗಳೇ ಬೇಕು. ಇದರಿಂದ ಒಂದು ಬಿಡಿಗಾಸಿನ ಕಮಿಷನ್ನೂ ಇಲ್ಲ. ಆದರೆ ಹೇಳಿದ ಬಾಯಿಯಿಂದಲೇ ಇಲ್ಲವೆಂದು ಹೇಳಿಬರಬೇಕು, ಇದಕ್ಕೆ ಯಾವ ಯಂತ್ರವೂ ಇಲ್ಲ ಎಂದು ಅವನಿಗೆ ತಿಳಿದಿತ್ತು.

ಮೊದಲು ಮಜೀದಸಾಬನ ಮನೆಗೇ ಹೋದ. ಮಜೀದಸಾಬ ರಾತ್ರಿ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಅಮೀರ್ ಅಲಿ ಕೂಡದೆ, ಬಾಗಿಲಲ್ಲೇ ನಿಂತು ಹೇಳಿದ. ಶರಣಬಸಪ್ಪ ಯಾವ ಚಾಡಿಯನ್ನೂ ಹೇಳಿಲ್ಲ, ಅದು ನನ್ನ ಸುಳ್ಳು, ತಾರೀಖಿನ ತಪ್ಪೂ ನನ್ನದೇ, ಅವನು ನನ್ನ ಹೆಸರು ಉಳಿಸಲು ತಾನು ಸಿಕ್ಕಿಬಿದ್ದಿದ್ದ ಎಂದ. ಒಂದು ಮಾತನ್ನೂ ನುಂಗದೆ ಎಲ್ಲವನ್ನೂ ಹೇಳಿದ.

ಮಜೀದಸಾಬ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೊನೆಯ ತನಕ ಕೇಳಿದ. ಆಮೇಲೆ ಓಣಿಯ ಎರಡೂ ಕಡೆ ನೋಡಿ, ಅಮೀರ್ ಅಲಿಯ ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲು ಮುಚ್ಚಿದ.

"ಭಾಯಿ, ನನ್ನ ಮುಂದ ಖರೇ ಹೇಳು," ಎಂದ ಸಣ್ಣ ದನಿಯಲ್ಲಿ. "ಹಿಂಗ ಹೇಳಿ ಬಾ ಅಂತ ನಿನಗ ಹೆದರಿಸಿ ಅವನೇ ಕಳಿಸ್ಯಾನೇನು?"

ಅಮೀರ್ ಅಲಿ ಇಲ್ಲವೆಂದ. ಅಲ್ಲಾಹನ ಆಣೆ ಇಟ್ಟ. ಮಜೀದಸಾಬ ಅವನ ಬೆನ್ನು ತಟ್ಟಿ, ಆಯಿತು ಬಿಡು, ನೀನು ಹೇಳಲಾರೆ, ನನಗೆ ತಿಳಿಯಿತು ಎಂದ.